ಖಾಲಿ ಬೇರೆ, ಸೊನ್ನೆ ಬೇರೆ

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಹಾಲಿನವನು. ಬಂಗಾರಪೇಟೆಯ ನಮ್ಮ ಮನೆಗೆ ಅವರ ಊರಿನಿಂದಲೇ ಹಾಲು ಬರುತ್ತದೆ. ಅಳತೆ ಪಾತ್ರೆಯನ್ನು ಕ್ಯಾನಿನೊಳಗೆ ಇಳಿಬಿಟ್ಟುಕೊಂಡೇ, "ನಿಮ್ಮ ಆಪೀಸಮ್ಮ ಓಗ್ಬಿಟ್ರು ಕಣಮ್ಮ, ನಿನ್ನೆ ಸಾಯಂಕಾಲ" ಎಂದ. ಯಾವ ಅಮ್ಮ ಎಂದು ಕೇಳಬೇಕಾಗಿರಲಿಲ್ಲ. ಆ ಊರಿನಿಂದ ಚಿನ್ನದ ಗಣಿಯ ಕಂಪ್ಯೂಟರ್ ಕೋಣೆಗೆ ಬಂದು ದುಡಿದ ಹೆಂಗಸು ಅವರೊಬ್ಬರೇ. ಹಾಲನ್ನು ಒಲೆಗಿಟ್ಟು ನಿಂತುಕೊಂಡೆ. ಅಳು ಬರಲಿಲ್ಲ, ಸುಸ್ತಾಯಿತು. ಈಚೆಗೆ ಯಾರು ಸತ್ತರೂ ನನಗೆ ಮೊದಲು ಆಗುವುದು ಸುಸ್ತೇ. ಅಳು ಆಮೇಲೆ ಯಾವತ್ತೋ ರೈಲಿನಲ್ಲಿ ಕೂತಿರುವಾಗ ಬರುತ್ತದೆ, ಪಕ್ಕದವರಿಗೆ ಮುಜುಗರವಾಗುತ್ತದೆ.

ಅವರು ತುಂಬಾ ಒಳ್ಳೆಯವರಾಗಿದ್ದರು ಎಂದು ನಾನು ಬರೆದರೆ ಅವರೇ ಎದ್ದು ಬಂದು ಬೈದಾರು. ಮೂಗಿನ ತುದಿಯಲ್ಲೇ ಕೋಪ. ತಮ್ಮ ಕುರ್ಚಿಯಲ್ಲಿ ಇನ್ನೊಬ್ಬರು ಕೂತರೆ ಸಹಿಸುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ, ಅವರು ನೀರು ಕುಡಿಯಲು ಎದ್ದಾಗ ಆ ಕುರ್ಚಿಯಲ್ಲಿ ಕೂತಿದ್ದೆ. ಬಂದವರು ಏನೂ ಅನ್ನದೆ ನನ್ನ ಹಿಂದೆ ನಿಂತರು. ನಾನಾಗಿ ಏಳುವವರೆಗೂ ನಿಂತೇ ಇದ್ದರು. ಆಮೇಲೆ ಕೂತು, "ಬೆಚ್ಚಗ್ ಮಾಡಿಟ್ಟಿದೀಯ, ಬಿಡು" ಎಂದರು. ಅದು ಬೈಗುಳವೋ ತಮಾಷೆಯೋ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಎರಡೂ ಆಗಿತ್ತು.

ಬೆಳಗ್ಗೆ ಎಮ್ಮೆ ಕರೆದು, ಸೊಸೈಟಿಗೆ ಹಾಲು ಹಾಕಿ, ಅತ್ತೆಗೆ ಮುದ್ದೆ ತಿರುವಿಟ್ಟು, ಬಂಗಾರಪೇಟೆಗೆ ಬಂದು ರೈಲು ಹತ್ತುತ್ತಿದ್ದರು. ಮನೆಯಲ್ಲಿ ಅತ್ತೆಯ ಜೊತೆ ತೆಲುಗು, ರೈಲಿನಲ್ಲಿ ನಮ್ಮ ಜೊತೆ ಕನ್ನಡ, ಕೋರಮಂಡಲ್ ಸ್ಟೇಷನ್ ದಾಟಿದ ಮೇಲೆ ತಮಿಳು. ಕಿಟಕಿಯ ಪಕ್ಕ ಕೂತು, ಮಡಿಲಲ್ಲಿ ಪ್ರೋಗ್ರಾಮಿನ ಉದ್ದನೆಯ ಹಾಳೆ ಹರಡಿಕೊಂಡು, ತುಟಿಯಾಡಿಸುತ್ತಾ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆ ಓದುತ್ತಿದ್ದರು. ಎದುರಿಗೆ ಕೂತ ಮುದುಕಿಯೊಬ್ಬಳು ಜಪ ಎಂದುಕೊಂಡು ಕೈ ಮುಗಿದದ್ದೂ ಉಂಟು. ಇವರೂ ತಲೆ ಎತ್ತದೆ ಒಂದು ಕೈ ಎತ್ತಿ ಆಶೀರ್ವಾದ ಮಾಡಿದರು! ನನಗೆ ನಗು ತಡೆಯಲಾಗಲಿಲ್ಲ. "ಏನ್ ನಗ್ತೀಯೇ, ಅವಮ್ಮಂಗೆ ಒಳ್ಳೇದಾದ್ರೆ ನಿನ್ನ ಗಂಟೇನ್ ಓಯ್ತದೆ?" ಎಂದರು.

ಉರಿಗಾಂ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ದಾರಿಯಲ್ಲೇ ಗಣಿಯೊಳಗೆ ಇಳಿಯುವ ಶಾಫ್ಟಿನ ಗೇಟು. ಅದರ ಪಕ್ಕ ತಗಡಿನ ಮರೆಯಲ್ಲಿ ಒಲೆ ಹಾಕಿಕೊಂಡು ಇಡ್ಲಿ ಮಾರುವ ಹೆಂಗಸೊಬ್ಬಳಿದ್ದಳು. ನಂದಿದುರ್ಗ ಗಣಿಯ ಕೂಲಿಗಳ ಲೈನ್ ಮನೆಯವಳು. ಗಂಡ ಗಣಿಯ ಧೂಳಿನಿಂದ ಎದೆ ಕೆಟ್ಟು ಸತ್ತಿದ್ದ. ಇಬ್ಬರು ಗಂಡುಮಕ್ಕಳು, ಇಬ್ಬರೂ ಗಣಿಯೊಳಗೆ ಇಳಿಯುವವರೇ. ಇಡ್ಲಿಯಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದರು. ನಮ್ಮ ಬೆಳಗಿನ ತಿಂಡಿ ಅಲ್ಲೇ. ಇವರಿಬ್ಬರೂ ದಿನಾ ಚಟ್ನಿಯ ವಿಷಯಕ್ಕೆ ಜಗಳವಾಡುತ್ತಿದ್ದರು. ನೀರು ಜಾಸ್ತಿ ಎಂದು ಇವರು, ಬೇಕಾದರೆ ನಿನ್ನ ಎಮ್ಮೆಗೇ ಕುಡಿಸು ಎಂದು ಆಕೆ. ಒಂದು ದಿನ ಜಗಳವಾಗದಿದ್ದರೆ ಇಬ್ಬರಿಗೂ ತಿಂದದ್ದು ಅರಗುತ್ತಿರಲಿಲ್ಲ.

ನಮ್ಮ ಕೋಣೆಯ ಕೆಲಸವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅಷ್ಟು ಆಳದಲ್ಲಿ ಕಲ್ಲು ಕೊರೆಯುತ್ತಾ ಹೋದರೆ ಒತ್ತಡ ತಾಳದೆ ಬಂಡೆ ಒಮ್ಮೊಮ್ಮೆ ತಾನೇ ಸಿಡಿಯುತ್ತದೆ. ಅದಕ್ಕೆ ನಮ್ಮ ಕಡೆ ಬರ್ಸ್ಟ್ ಎನ್ನುತ್ತಾರೆ. ಕೆಳಗೆ ಸಿಡಿದರೆ ಮೇಲೆ ನೆಲ ಅದುರುತ್ತದೆ, ಗೂಡಿನ ಪಾತ್ರೆಗಳು ಗಲಗಲ ಎನ್ನುತ್ತವೆ, ಲೈನ್ ಮನೆಗಳ ಹೆಂಗಸರು ಇದ್ದ ಕೆಲಸ ಬಿಟ್ಟು ಗೇಟಿಗೆ ಓಡುತ್ತಾರೆ. ಅಲ್ಲಲ್ಲಿ ಹುಗಿದಿಟ್ಟ ಉಪಕರಣಗಳಿಗೆ ಆ ಅದುರು ಯಾವ ಕ್ಷಣಕ್ಕೆ ಮುಟ್ಟಿತು ಎಂಬುದನ್ನು ಹಾಕಿದರೆ, ಬಂಡೆ ಸಿಡಿದದ್ದು ಎಲ್ಲಿ ಎಂದು ಲೆಕ್ಕ ಹಾಕಿ ಹೇಳುವ ಪ್ರೋಗ್ರಾಮು ಅವರದು. ಅವರೇ ಬರೆದದ್ದು. ಕಾರ್ಡು ತೂತು ಮಾಡುವ ಕಾಲದಲ್ಲಿ ಬರೆಯಲು ಶುರು ಮಾಡಿ, ಯೂನಿಕ್ಸ್ ಯಂತ್ರ ಬಂದ ಮೇಲೂ ತಿದ್ದುತ್ತಲೇ ಇದ್ದರು.

ಮೊದಲೆಲ್ಲ ಉಪಕರಣಗಳು ಎಲ್ಲೆಲ್ಲಿವೆ ಎಂಬ ಅಳತೆಗಳು ಪ್ರೋಗ್ರಾಮಿನ ಹೊಟ್ಟೆಯಲ್ಲೇ ಇರುತ್ತಿದ್ದವು. ಉಪಕರಣವನ್ನು ಬೇರೆ ಕಡೆಗೆ ಸರಿಸಿದಾಗಲೆಲ್ಲ ಒಳಗೆ ಕೈ ಹಾಕಿ ತಿದ್ದಬೇಕು, ಮತ್ತೆ ಕಂಪೈಲ್ ಮಾಡಬೇಕು. ತಲೆ ಚಿಟ್ಟು ಹಿಡಿಯುತ್ತಿತ್ತು. ಯೂನಿಕ್ಸ್ ಬಂದ ಮೇಲೆ ದಪ್ಪ ಮ್ಯಾನ್ಯುಯಲ್ ಓದಿ ಅವರು ಒಂದು ದಾರಿ ಕಂಡುಕೊಂಡರು. ಅಳತೆಗಳನ್ನು ಹೊರಗೆ, ಲಾಗಿನ್ ಆದ ಕೂಡಲೇ ತಯಾರಾಗುವ ಹಾಗೆ, ಒಂದೊಂದು ಹೆಸರಿಟ್ಟು ಇಡುವುದು. ಪ್ರೋಗ್ರಾಮು ಓಡುವಾಗ ಆ ಹೆಸರು ಹಿಡಿದು ಕೇಳಿ ಪಡೆಯುವುದು. ಹಾಗೆ ಕೇಳುವ ಸಾಲಿಗೆ ಗೆಟ್‌ಎನ್ವ್ ಎಂದು ಹೆಸರು. ಅದೇನಕ್ಕಾ ಎಂದು ಕೇಳಿದೆ.

"ನೀನು ಯಾರ್ದಾದ್ರೂ ಮನೆಗೆ ಓಗ್ತೀಯ ಅನ್ಕೋ" ಎಂದರು. "ಓಗಿದ್ದೇ ಏನ್ ಕೇಳ್ತೀಯ? ಎಲ್ರೂ ಚೆನ್ನಾಗಿದೀರಾ, ಊಟ ಆಯ್ತಾ, ನಿಮ್ ಕಡೆ ಮಳೆ ಬಂತಾ ಅಂತ ತಾನೆ? ಅವ್ರ ಊಟ ಆಗೈತೆ ಅಂತ ನಿಮ್ಮನೇಲೇ ತೀರ್ಮಾನ ಮಾಡ್ಕೊಂಡು ಓಗ್ತೀಯಾ? ಪ್ರೋಗ್ರಾಮೂ ಅಷ್ಟೇ ಕಣೇ. ಎಲ್ಲಿಗೆ ಬಂದೈತೋ ಅಲ್ಲಿಯ ಸಮಾಚಾರ ಅಲ್ಲೇ ಕೇಳ್ಬೇಕು."

ಎಷ್ಟು ಚೆನ್ನಾಗಿ ಹೇಳಿದರು! ಆದರೆ ಆ ಹೆಸರುಗಳನ್ನೂ ಅಳತೆಗಳನ್ನೂ ಇಟ್ಟುಕೊಂಡಿದ್ದು ತಮ್ಮ ಲಾಗಿನ್ನಿನಲ್ಲಿ ಮಾತ್ರ. ಬೇರೆಯವರಿಗೆ ಕೊಡುತ್ತಿರಲಿಲ್ಲ. ಹೊಸದಾಗಿ ಬಂದ ಚಿಕ್ಕ ಸಾಹೇಬರು, ಮೃದು ಮನುಷ್ಯ, "ನನ್ನ ಲಾಗಿನ್ನಿಗೂ ಹಾಕಿಕೊಡಿ ಮೇಡಂ" ಎಂದು ಎರಡು ಮೂರು ಸಲ ಕೇಳಿದರು. "ನಾನಿದೀನಲ್ಲ ಸಾರ್, ಬೇಕಾದಾಗ ಕೂಗಿ" ಎಂದುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಅಡಿಗೆಮನೇಲಿ ಸಾಸಿವೆ ಡಬ್ಬಿ ಎಲ್ಲೈತೆ ಅಂತ ಊರಿಗೆಲ್ಲ ಯಾಕೆ ಗೊತ್ತಾಗ್ಬೇಕು?" ಎಂದರು. ಗಣಿಯಲ್ಲಿ ಯಾವ ವಿಭಾಗ ಯಾವತ್ತು ಮುಚ್ಚುತ್ತಾರೋ ಎಂದು ಎಲ್ಲರೂ ಹೆದರಿಕೊಂಡಿದ್ದ ಕಾಲ ಅದು. ತಾವಿಲ್ಲದೆ ಆ ಪ್ರೋಗ್ರಾಮು ನಡೆಯಬಾರದು ಎಂಬ ಆಸೆ ಅವರಿಗೆ ಇತ್ತು. ನಾನು ಅದನ್ನು ತಪ್ಪೆನ್ನಲಾರೆ. ಎಮ್ಮೆ ಕರೆದು, ಮುದ್ದೆ ತಿರುವಿ, ರೈಲು ಹಿಡಿದು ಬರುವ ಹೆಂಗಸಿಗೆ ತನ್ನದು ಎನ್ನಲು ಇದ್ದದ್ದು ಅದೊಂದೇ.

ಒಂದು ದಿನ ಮಧ್ಯಾಹ್ನ ಊಟದ ಡಬ್ಬಿ ತೊಳೆಯಲು ಅವರು ಹೊರಗೆ ಹೋಗಿದ್ದರು. ನಮ್ಮ ನಲ್ಲಿಯಲ್ಲಿ ಎಂದಿನಂತೆ ನೀರಿರಲಿಲ್ಲ, ಹಿಂದಿನ ಲೈನಿನ ನಲ್ಲಿಯವರೆಗೆ ನಡೆದಿದ್ದರು. ಆಗ ನೆಲ ಅದುರಿತು. ಅಂಥದು ನಮಗೆ ಅಭ್ಯಾಸವೇ, ಆದರೆ ಆ ದಿನದ್ದು ಜೋರಾಗಿತ್ತು. ಗೋಡೆಯ ಗಡಿಯಾರ ಕೆಳಗೆ ಬಿತ್ತು. ಶಾಫ್ಟಿನಿಂದ ಫೋನು ಬಂತು: ಕೆಳಗಿನ ಹಂತಗಳ ಫೋನು ಸತ್ತಿದೆ, ಎಲ್ಲಿ ಸಿಡಿಯಿತು ಬೇಗ ಹೇಳಿ, ತಂಡವನ್ನು ಎತ್ತ ಇಳಿಸಬೇಕೋ ತಿಳಿಯುತ್ತಿಲ್ಲ. ನಾನು ಪಕ್ಕದ ಕೋಣೆಯಲ್ಲಿ ಉಪಕರಣಗಳಿಂದ ಹಾಳೆಗೆ ಮೂಡಿದ ಗುರುತು ಓದಿ ಕೂಗಿ ಹೇಳಿದೆ. ಚಿಕ್ಕ ಸಾಹೇಬರು ತಮ್ಮ ಟರ್ಮಿನಲ್ಲಿನಲ್ಲಿ ಕೂತು ಪ್ರೋಗ್ರಾಮು ಓಡಿಸಿದರು. ಉತ್ತರ ಬಂತು. ಪಡುವಣ ದಿಕ್ಕಿನ ಹಳೆಯ ಸುರಂಗ. ಮುಚ್ಚಿ ಎಷ್ಟೋ ಕಾಲವಾದ, ನರಪಿಳ್ಳೆಯೂ ಇಲ್ಲದ ಜಾಗ. ಸಾಹೇಬರು ಫೋನೆತ್ತಿ, ಯಾರಿಗೂ ಏನೂ ಆಗಿಲ್ಲ ಎಂದು ಶಾಫ್ಟಿಗೆ ತಿಳಿಸಿದರು. ಅಲ್ಲಿಂದ ಗೇಟಿಗೆ ಮಾತು ಮುಟ್ಟಿತು.

ಇವರು ಏದುಸಿರು ಬಿಡುತ್ತಾ ಬಂದರು. "ಎಲ್ಲಂತೆ?"

"ಹಳೇ ಸುರಂಗ ಮೇಡಂ, ಯಾರೂ ಇಲ್ಲದ ಕಡೆ."

"ಸದ್ಯ. ಮಾರಮ್ಮ ಕಾಪಾಡಿದಳು" ಎಂದು ಕುರ್ಚಿಗೆ ಒರಗಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಳ್ಳುತ್ತಿದ್ದ ಕೈ ಹಾಗೇ ನಿಂತಿತು. "ಸಾರ್, ಯಾರ ಲಾಗಿನ್ನಿನಲ್ಲಿ ಓಡಿಸಿದ್ರಿ?"

"ನನ್ನದರಲ್ಲೇ. ಯಾಕೆ?"

ಅವರು ಎದ್ದು ಬಂದು, ಸಾಹೇಬರು ಕೂತಿದ್ದ ಹಾಗೆಯೇ ಅವರ ಭುಜದ ಮೇಲಿನಿಂದ ಕೈ ಚಾಚಿ, ಅಳತೆಯ ಹೆಸರೊಂದನ್ನು ಹಾಕಿ ಕೇಳಿದರು. ಪರದೆಯ ಮೇಲೆ ಒಂದು ಖಾಲಿ ಸಾಲು ಬಂತು. ಇನ್ನೊಂದು ಸಲ ಕೇಳಿದರು, ಮತ್ತೆ ಖಾಲಿ. "ಶಿವನೇ" ಎಂದರು, ಪಕ್ಕಕ್ಕೆ ಬಂದು ನಿಂತಿದ್ದ ನನಗೂ ಕಷ್ಟಪಟ್ಟು ಕೇಳಿಸುವಷ್ಟು ಮೆಲ್ಲಗೆ.

ಆಗಿದ್ದು ಇಷ್ಟೇ. ಸಾಹೇಬರ ಲಾಗಿನ್ನಿನಲ್ಲಿ ಆ ಹೆಸರೇ ಇರಲಿಲ್ಲ. ಇಲ್ಲದ್ದನ್ನು ಕೇಳಿದರೆ ಗೆಟ್‌ಎನ್ವ್ ಇಲ್ಲ ಎನ್ನುವುದಿಲ್ಲ, ಬರಿಯ ಖಾಲಿ ಜಾಗ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಆ ಖಾಲಿಯನ್ನು ಅಂಕಿಯೆಂದು ಓದಿಸಿದರೆ ಫೋರ್ಟ್ರಾನೂ ತಕರಾರು ಮಾಡುವುದಿಲ್ಲ, ಸೊನ್ನೆ ಎಂದುಕೊಂಡು ಮುಂದೆ ಹೋಗುತ್ತದೆ. ಉಪಕರಣಗಳನ್ನು ಮೂಡಣಕ್ಕೆ ಎಷ್ಟು ಸರಿಸಿದ್ದಾರೆ ಎಂಬ ಅಳತೆ ಅದು. ಸರಿಸಿಯೇ ಇಲ್ಲ ಎಂದು ಪ್ರೋಗ್ರಾಮು ತಿಳಿದುಕೊಂಡಿತು. ಲೆಕ್ಕದ ಉತ್ತರ ಅಷ್ಟು ದೂರ ಪಡುವಣಕ್ಕೆ ಜಾರಿ, ಎಲ್ಲರಿಗೂ ಬೇಕಾಗಿದ್ದ ಕಡೆಯೇ ಹೋಗಿ ಕೂತಿತು. ಖಾಲಿ ಬಂದರೆ ನಿಲ್ಲು ಎಂಬ ಒಂದು ಸಾಲನ್ನು ಅವರು ಬರೆದಿರಲಿಲ್ಲ. ಓಡಿಸುವವರು ತಾವೊಬ್ಬರೇ ಆದ್ದರಿಂದ ಬೇಕಾಗಿಯೂ ಇರಲಿಲ್ಲ.

ತಮ್ಮ ಲಾಗಿನ್ನಿನಲ್ಲಿ ಓಡಿಸಿದರು. ಬೇರೆ ಉತ್ತರ ಬಂತು. ಬೆಳಗಿನ ಪಾಳಿಯವರು ಕಲ್ಲು ಒಡೆಯುತ್ತಿದ್ದ ಹಂತ, ಅದೇ ಜಾಗ.

ಸಾಹೇಬರು ಕುರ್ಚಿಯಿಂದ ಎದ್ದರು. "ನಾನು ಆಗಲೇ ಹೇಳಿಬಿಟ್ಟೆನಲ್ಲ" ಎಂದರು.

"ತಪ್ಪು ನಂದು ಸಾರ್. ಪ್ರೋಗ್ರಾಮು ನಂದು. ಓಡಿ" ಎಂದರು ಇವರು. ಫೋನು ಎತ್ತಿದರೆ ಎಂಗೇಜು. ಸಾಹೇಬರು ಸ್ಕೂಟರ್ ಹತ್ತಿ, ಕೆಳಗಿಳಿದು ಜನರನ್ನು ಎತ್ತುವ ತಂಡದ ಕಡೆ ಹೋದರು. ಇವರು ಚಪ್ಪಲಿ ಹುಡುಕುತ್ತಿದ್ದರು.

"ಎಲ್ಲಿಗಕ್ಕಾ?"

"ಗೇಟಿಗೆ. ಅಲ್ಲಿರೋರ್ಗೆ ಯಾರ್ ಯೋಳ್ತಾರೆ?"

"ಯಾಕಕ್ಕಾ ನಿಮಗೆ? ತಂಡ ಇಳಿಯುತ್ತೆ. ಗೊತ್ತಾಗೋ ಹೊತ್ತಿಗೆ ಗೊತ್ತಾಗುತ್ತೆ. ಅಲ್ಲೀವರೆಗಾದರೂ ನೆಮ್ಮದಿಯಾಗಿರಲಿ."

"ಬಾಯ್ಮುಚ್ಚೇ. ನನ್ನ ಸುಳ್ಳನ್ನ ನಂಬ್ಕೊಂಡು ಮನೆಗೆ ಓಗ್ತಾ ಅವ್ರೆ ಅವ್ರು."

ಹಿಂದೆಯೇ ಹೋದೆ. ಗೇಟಿನಲ್ಲಿ ಜನ ಕರಗುತ್ತಿತ್ತು. ಯಾರೋ ಮರದ ಕೆಳಗಿನ ಮಾರಮ್ಮನಿಗೆ ಕರ್ಪೂರ ಹಚ್ಚಿದ್ದರು. ಇಡ್ಲಿಯಮ್ಮ ಆರಿದ ಒಲೆ ಊದಿ ಮತ್ತೆ ಹೊತ್ತಿಸಿ, ಬಂದವರಿಗೆಲ್ಲ ಬೆಲ್ಲ ಹಂಚುತ್ತಿದ್ದಳು. ನಮ್ಮನ್ನು ನೋಡಿ, "ಬಾಮ್ಮಾ, ಬಾಯಿ ಸಿಹಿ ಮಾಡ್ಕೋ. ಇವತ್ತು ನಿನ್ ಕೂಡ ಜಗಳ ಇಲ್ಲ" ಎಂದು ಬೆಲ್ಲದ ಚೂರು ಚಾಚಿದಳು. ಆ ದಿನ ಅವಳ ದೊಡ್ಡ ಮಗ ಕೆಳಗಿದ್ದ. ಚಿಕ್ಕವನದು ಸಂಜೆಯ ಪಾಳಿ.

ಇವರು ಬೆಲ್ಲ ತೆಗೆದುಕೊಳ್ಳಲಿಲ್ಲ. "ಅಮ್ಮಾ, ಮೊದ್ಲು ಯೋಳಿದ್ದು ತಪ್ಪು. ಬರ್ಸ್ಟ್ ಆಗಿರೋದು ಜನ ಇರೋ ಕಡೆ. ನನ್ನಿಂದ ತಪ್ಪಾಯ್ತು" ಎಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ತಮಿಳಿನಲ್ಲಿ ಅದನ್ನೇ ಹೇಳಿದರು. ಧ್ವನಿ ಒಡೆಯಲಿಲ್ಲ. ಮಾತು ಸುತ್ತಿ ಬಳಸಲಿಲ್ಲ. ನಾನು ಅವರ ಸೆರಗು ಹಿಡಿದು ಎಳೆಯುತ್ತಿದ್ದೆ.

ಇಡ್ಲಿಯಮ್ಮ ಕೈಯಲ್ಲಿದ್ದ ಬೆಲ್ಲವನ್ನು ಇವರ ಮುಖಕ್ಕೇ ಎಸೆದಳು. "ನಿನ್ ಬಾಯ್ಗೆ ಮಣ್ಣಾಕ! ನನ್ ಮಗ ಚೆನ್ನಾಗವ್ನೆ ಅಂದಿದ್ರು. ಈಗ್ ಬಂದು ಸಾಯಿಸ್ತೀಯೇನೇ?"

ತಂಡ ಸರಿಯಾದ ಕಡೆಗೇ ಇಳಿಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಯಾರೂ ಉಳಿಯುತ್ತಿರಲಿಲ್ಲ, ಗಾಳಿಯೇ ಇರಲಿಲ್ಲ ಎಂದು ಇಳಿದವರು ಆಮೇಲೆ ಹೇಳಿದರು. ಸಂಜೆಯೊಳಗೆ ಒಬ್ಬೊಬ್ಬರನ್ನಾಗಿ ಮೇಲೆ ತಂದರು. ಹೆಚ್ಚಿನವರು ಬದುಕಿದ್ದರು. ಇಡ್ಲಿಯಮ್ಮನ ದೊಡ್ಡ ಮಗ ಬದುಕಿರಲಿಲ್ಲ.

ಬದುಕಿ ಬಂದವರ ಮನೆಗಳಿಂದ ಒಬ್ಬರೂ ಬಂದು ಇವರಿಗೆ ಒಂದು ಮಾತು ಹೇಳಲಿಲ್ಲ. ಯಾರಿಂದ ಉಳಿದರು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಬಂದದ್ದೆಲ್ಲ ಶಾಪವೇ. ಲೈನಿನ ಹೆಂಗಸರು ಇವರನ್ನು ಕಂಡರೆ ಮುಖ ತಿರುಗಿಸುತ್ತಿದ್ದರು, ಅಪಶಕುನವನ್ನು ಕಂಡ ಹಾಗೆ. ಇಡ್ಲಿಯಮ್ಮ ಒಲೆಯ ಮುಂದೆ ಮತ್ತೆ ಕೂತ ಮೇಲೆ ಇವರು ಒಂದು ಬೆಳಗ್ಗೆ ಅಲ್ಲಿ ಹೋಗಿ ನಿಂತರು. ಆಕೆ ಎಲ್ಲರಿಗೂ ಬಡಿಸಿದಳು, ಇವರಿಗೆ ಬಡಿಸಲಿಲ್ಲ. ಇವರು ನಿಂತಿದ್ದು, ಹೊರಟರು. ಮಾರನೆಯ ದಿನದಿಂದ ಗೇಟು ತಪ್ಪಿಸಿ ಗುಡ್ಡೆಯ ಹಿಂದಿನ ಸುತ್ತು ದಾರಿ ಹಿಡಿದರು. ನನಗೆ ಉರಿದುಹೋಗುತ್ತಿತ್ತು. "ನೀವು ಹೇಳಿದ್ದರಿಂದ ಅಷ್ಟು ಜನ ಉಳಿದರು ಅಂತ ಬಾಯಿ ಬಿಟ್ಟು ಹೇಳಬಾರದಾ?" ಎಂದು ರೇಗಿದೆ.

"ಯಾರ್ಗ್ ಯೋಳ್ಲಿ? ಮಗನ್ನ ಕಳ್ಕೊಂಡೋಳ್ಗಾ?" ಎಂದರು. ಅಷ್ಟೇ. ಅದರ ಮೇಲೆ ಆ ವಿಷಯ ಎತ್ತಲು ಬಿಡಲಿಲ್ಲ.

ಮಾಡಬೇಕಾದ ಕೆಲಸ ಮಾತ್ರ ಮಾಡಿದರು. ಅಳತೆಗಳನ್ನೆಲ್ಲ ಎಲ್ಲರ ಲಾಗಿನ್ನಿಗೂ ಸಿಗುವ ಹಾಗೆ ಹೊರಗೆ ತಂದಿಟ್ಟರು. ತಾವು ಬರೆದ ಹಳೆಯ ಪ್ರೋಗ್ರಾಮುಗಳನ್ನು ಒಂದೊಂದಾಗಿ ತೆಗೆದು, ಎಲ್ಲೆಲ್ಲಿ ಹೊರಗಿನಿಂದ ಕೇಳುತ್ತದೋ ಅಲ್ಲೆಲ್ಲ ಖಾಲಿ ಬಂದರೆ ನಿಲ್ಲುವ ಸಾಲು ಸೇರಿಸಿದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಮಾತು: ‘ಏನೂ ಬಂದಿಲ್ಲ. ಕೇಳದೆ ಮುಂದಕ್ಕೆ ಹೋಗಲ್ಲ.’ ಪರದೆಯ ಮೇಲೆ ಅದು ಬಂದಾಗ ಅವರೇ ಹಿಂದೆ ನಿಂತು ಗದರಿದ ಹಾಗೆ ಆಗುತ್ತಿತ್ತು. ನನಗೂ ಸಾಹೇಬರಿಗೂ ದಿನಕ್ಕೊಮ್ಮೆ ಅದೇ ಪಾಠ: "ಖಾಲಿ ಬೇರೆ, ಸೊನ್ನೆ ಬೇರೆ. ಸೊನ್ನೆ ಅಂದ್ರೆ ಯಾರೋ ನೋಡಿ ಏನೂ ಇಲ್ಲ ಅಂತ ಯೋಳಿದ್ದು. ಖಾಲಿ ಅಂದ್ರೆ ಯಾರೂ ನೋಡೇ ಇಲ್ಲ."

ಮತ್ತೆ ನೆಲ ಅದುರಿದ್ದು ಮಳೆಗಾಲ ಕಳೆದ ಮೇಲೆ. ದೊಡ್ಡದೇನಲ್ಲ. ಪ್ರೋಗ್ರಾಮು ಓಡಿತು, ಉತ್ತರ ಸರಿಯಾಗಿಯೇ ಬಂತು, ಯಾರಿಗೂ ಏನೂ ಆಗಿರಲಿಲ್ಲ. ಸಾಹೇಬರು ಗೇಟಿಗೆ ತಿಳಿಸಿದರು. ಸ್ವಲ್ಪ ಹೊತ್ತಿಗೆ ಹೊರಗೆ ಗಲಾಟೆ. ವಾಚ್‌ಮ್ಯಾನ್ ತಡೆದರೂ ಕೇಳದೆ ಇಡ್ಲಿಯಮ್ಮ ಸೀರೆ ಎತ್ತಿ ಕಟ್ಟಿಕೊಂಡು ನಮ್ಮ ಕಿಟಕಿಯವರೆಗೆ ಬಂದುಬಿಟ್ಟಿದ್ದಳು. ಮತ್ತೆ ಬೈಯಲು ಬಂದಳು ಎಂದುಕೊಂಡು ನಾನೇ ಎದ್ದೆ. ಇವತ್ತು ತಿರುಗಿಸಿ ಕೊಟ್ಟೇ ಬಿಡುತ್ತೇನೆ ಎಂದು ಬಾಯಿ ತೆರೆದಿದ್ದೆ.

"ಆವಮ್ಮ ಎಲ್ಲಿ?" ಎಂದಳು ಆಕೆ.

"ಯಾರಿಗೂ ಏನೂ ಆಗಿಲ್ಲಮ್ಮ, ಗೇಟಲ್ಲೇ ಹೇಳಿದರಲ್ಲ" ಎಂದೆ.

"ಅವ್ರು ಯೋಳಿದ್ರು. ಅವ್ರು ಯಾವಾಗ್ಲೂ ಅಂಗೇ ಯೋಳ್ತಾರೆ. ನನ್ ಚಿಕ್ಕೋನು ಕೆಳಗವ್ನೆ. ಆವಮ್ಮ ಯೋಳ್ಲಿ."

ಇವರು ಕಿಟಕಿಗೆ ಬಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇವರು ಹಿಂದಕ್ಕೆ ಹೋಗಿ ಪ್ರೋಗ್ರಾಮನ್ನು ಮತ್ತೊಮ್ಮೆ ಓಡಿಸಿ, ಉತ್ತರವನ್ನು ನಕ್ಷೆಯ ಮೇಲೆ ಗುರುತು ಮಾಡಿ ನೋಡಿ, ಆಮೇಲೆ ಬಂದು, "ನಿನ್ ಮಗ ಇರೋ ಕಡೆ ಅಲ್ಲ" ಎಂದರು. ಆಕೆ ತಲೆಯಾಡಿಸಿ ಹೊರಟುಹೋದಳು. ಒಂದು ಒಳ್ಳೆಯ ಮಾತಿಲ್ಲ, ಒಂದು ನಗೆ ಇಲ್ಲ. ಇವರು ತಮ್ಮ ಕುರ್ಚಿಗೆ ಬಂದು ಕೂತು, ಕಣ್ಣು ಒರೆಸಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಆಮೇಲೆ ನೆಲ ಅದುರಿದಾಗಲೆಲ್ಲ ಅದೇ. ಆಕೆ ಬರುವುದು, ಇವರು ನೋಡಿ ಹೇಳುವುದು, ಆಕೆ ಹೋಗುವುದು. ಒಮ್ಮೆ ಇವರಿಗೆ ಜ್ವರ, ರಜೆ ಹಾಕಿದ್ದರು. ಆ ದಿನ ಬೆಳಗ್ಗೆ ನೆಲ ಅದುರಿದ್ದು ಊರಿಗೆ ಹೇಗೋ ತಿಳಿದು, ಮಧ್ಯಾಹ್ನದ ರೈಲಿಗೆ ಕಂಬಳಿ ಹೊದ್ದುಕೊಂಡು ಬಂದರು. ಕಿಟಕಿಯ ಹೊರಗೆ ಇಡ್ಲಿಯಮ್ಮ ಬೆಳಗ್ಗಿನಿಂದ ಕೂತೇ ಇದ್ದಳು. ಅಷ್ಟು ಹೊತ್ತಿಗೆ ಚಿಕ್ಕ ಮಗನೇ ಪಾಳಿ ಮುಗಿಸಿ ಮೇಲೆ ಬಂದು, ತಾಯಿಯ ಪಕ್ಕದಲ್ಲೇ ನಿಂತಿದ್ದ! ಆದರೂ ಕೇಳಿಯೇ ಎದ್ದಳು. ಇದಕ್ಕೆ ಏನೆನ್ನಬೇಕು, ನೀವೇ ಹೇಳಿ.

ಗಣಿಯ ಶಾಫ್ಟುಗಳು ಒಂದೊಂದಾಗಿ ಮುಚ್ಚುತ್ತಾ ಬಂದವು. ನಮ್ಮ ಕೋಣೆಯಲ್ಲೂ ಜನ ಕಡಿಮೆಯಾದರು. ಚಿಕ್ಕ ಸಾಹೇಬರು ಬೇರೆ ಊರಿಗೆ ಹೋದರು. ಇವರಿಗೆ ಸಕ್ಕರೆ ಕಾಯಿಲೆ ಬಂದು, ಕಣ್ಣು ಮಂಜಾಯಿತು. ಪರದೆಗೆ ಮೂಗು ತಾಗಿಸಿಕೊಂಡು ಓದುತ್ತಿದ್ದರು. ಕೊನೆಗೆ ರಜೆ ಹಾಕಿದವರು ಮತ್ತೆ ಬರಲಿಲ್ಲ.

ಹಾಲಿನವನು ಹೇಳಿದ ದಿನವೇ ಅವರ ಊರಿಗೆ ಹೋಗಿದ್ದೆ. ಮಣ್ಣು ಮಾಡಿ ಮುಗಿದಿತ್ತು. ಅವರ ಯಜಮಾನರು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತಿದ್ದರು. "ಆಸ್ಪತ್ರೇಲಿ ಡಾಕ್ಟ್ರು ವಾಸಿ ಆಗ್ತದಮ್ಮ ಅಂದ್ರು" ಎಂದರು. "ಅದ್ಕೆ ಇವ್ಳು, ಪರೀಕ್ಷೆ ಮಾಡಿ ಯೋಳ್ತಿದೀರಾ, ಇಲ್ಲ ಸುಮ್ನೆ ಯೋಳ್ತಿದೀರಾ ಅಂತ ಕೇಳಿದ್ಳು. ಅವ್ರು ಏನೂ ಮಾತಾಡ್ಲಿಲ್ಲ. ಇವ್ಳು ಅಂಗಾದ್ರೆ ಮನೆಗ್ ಓಗಾನ ಅಂದ್ಳು." ನಾನು ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದೆ.

ಮಾರನೆಯ ದಿನ ಕೆಲಸಕ್ಕೆ ಹೋಗುವಾಗ ಗೇಟಿನ ದಾರಿ ಹಿಡಿದೆ. ಇಡ್ಲಿಯಮ್ಮನಿಗೆ ಯಾರಾದರೂ ಹೇಳಬೇಕಲ್ಲ. ಆಕೆಗೂ ವಯಸ್ಸಾಗಿದೆ, ಹಿಟ್ಟು ಹೊಯ್ಯುವ ಕೈ ನಡುಗುತ್ತದೆ. ಸುತ್ತ ಗಿರಾಕಿಗಳು ಹೆಚ್ಚಿಲ್ಲ. ಹೇಗೆ ಶುರು ಮಾಡುವುದೆಂದು ತಿಳಿಯದೆ, ಅವರಿಗೆ ಹುಷಾರಿರಲಿಲ್ಲ, ಬಹಳ ದಿನದಿಂದ ಸಕ್ಕರೆ ಕಾಯಿಲೆ ಇತ್ತು, ಎಂದೆಲ್ಲ ಸುತ್ತು ಹಾಕುತ್ತಿದ್ದೆ.

"ಸತ್ತೋದ್ಳಾ?" ಎಂದಳು.

"ಹೂಂ."

ಆಕೆ ಇಡ್ಲಿ ಪಾತ್ರೆಯ ಮುಚ್ಚಳ ಮುಚ್ಚಿದಳು. ಒಲೆಯ ಸೌದೆ ಒಂದೊಂದಾಗಿ ಹಿಂದಕ್ಕೆಳೆದಳು. ಗೇಟಿನ ಕಡೆ ತಿರುಗಿದಳು.

"ಚಿಕ್ಕೋನು ಇವತ್ತೂ ಇಳ್ದವ್ನೆ" ಎಂದಳು. "ಇನ್ಮ್ಯಾಕೆ ನೆಲ ಅದುರಿದ್ರೆ ನಾನ್ ಯಾರ್ನ ಕೇಳ್ಲಿ?"

"ನಾನಿರ್ತೀನಲ್ಲಮ್ಮ ಅಲ್ಲಿ."

ಆಕೆ ನನ್ನ ಕಡೆ ತಿರುಗಿ, ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಕೆಟ್ದಾಗಿದ್ರೂ ಬಂದು ಯೋಳ್ತೀಯಾ?"

"ನೋಡೋಣಮ್ಮ" ಎಂದೆ.

"ಆವಮ್ಮ ಒಂದು ದಿವ್ಸಾನೂ ನೋಡೋಣ ಅಂದಿಲ್ಲ" ಎಂದು ಹೇಳಿ, ಇಡ್ಲಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.